ಎಣ್ಣೆ ಕಲೆಯ ಮೀನು

ಹುಲಿಗೆವ್ವನಿಗೆ ಓದಲು ಬರುವುದಿಲ್ಲವೆಂದು ರಾಜೀವಿಗೆ ದೀಪಾವಳಿಗೂ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಜೂನ್ ತಿಂಗಳಲ್ಲಿ ಅವಳನ್ನು ಕನ್ನಡ ಶಾಲೆಗೆ ಸೇರಿಸಲು ಕರೆದುಕೊಂಡು ಬಂದಿದ್ದಳು.

ರಾಜೀವಿಯ ಗಂಡ ಸುಂದರನ ಹೋಟೆಲು ಮರಾಠಿ ನಾಡಿನಲ್ಲಿ, ಹಿಂಜವಾಡಿಗೆ ಹೋಗುವ ದಾರಿಯಲ್ಲಿತ್ತು. ಎದುರಿಗೆ ಏಳುತ್ತಿದ್ದ ಕಟ್ಟಡದಲ್ಲಿ ದುಡಿಯುವವರೆಲ್ಲ ಸುರಪುರದ ಕಡೆಯವರು. ಮಧ್ಯಾಹ್ನ ಗಿರಾಕಿಗಳ ಗದ್ದಲ ಇಳಿದ ಮೇಲೆ ಅವರ ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ರಾಜೀವಿ ಕನ್ನಡ ಕಲಿಸುತ್ತಿದ್ದಳು. ಮಿಠಾಯಿ ಡಬ್ಬಿಗಳ ರಟ್ಟು ಕತ್ತರಿಸಿ, ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಪದ ಬರೆದಿದ್ದಳು. ಪದಗಳನ್ನು ಮೇಲೆ ಮಾಡಿ ಚಾಪೆಯ ತುಂಬ ಹರಡುವುದು. ಅವಳು ಕೂಗಿದ ಪದವನ್ನು ಮೊದಲು ಎತ್ತಿದವರು ಗೆದ್ದ ಹಾಗೆ. ಒಂಬತ್ತು ವರ್ಷದ ಹುಲಿಗೆವ್ವನ ಕೈ ಹದ್ದಿನಂತೆ ಎರಗುತ್ತಿತ್ತು. ಕನ್ನಡ ಸಂಘದ ಸಭೆಯಲ್ಲಿ ಅವಳನ್ನು ಆಡಿಸಿ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ರಾಜೀವಿಗೆ ಶಾಲು ಹೊದಿಸಿದರು.

ಅದಾದ ವಾರದಲ್ಲೇ 'ಮೀನು' ಬರೆದ ರಟ್ಟು ಕಳೆದುಹೋಯಿತು. ರಾಜೀವಿ ಹೊಸ ರಟ್ಟಿನ ಮೇಲೆ ಬರೆದು ಹರಡಿದಳು. "ಮೀನು!" ಎಂದಳು. ಹುಲಿಗೆವ್ವನ ಕೈ ಚಾಪೆಯ ಮೇಲೆ ಅಲೆದು ಅಲೆದು ನಿಂತುಬಿಟ್ಟಿತು. ರಾಜೀವಿಗೆ ಏನೋ ಹೊಳೆದು ಇನ್ನೊಂದು ರಟ್ಟು ಎತ್ತಿ, ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ಮೂಲೆಯಲ್ಲಿ ಚಹಾ ಲೋಟದ ಗುರುತು ಮಾತ್ರ ಕಾಣುತ್ತಿತ್ತು.

"ಛತ್ರಿ," ಎಂದಳು ಹುಲಿಗೆವ್ವ.

ಹುಡುಗಿ ಕಲೆಗಳನ್ನು ಓದುತ್ತಿದ್ದಳು. ಮಡಿಚಿದ ಮೂಲೆಯೆಂದರೆ ಮನೆ, ಸಾಂಬಾರಿನ ಹನಿಯೆಂದರೆ ಹಸು. ಇಬ್ಬರ ಕಣ್ಣೂ ಕೂಡಿದವು. ಹುಡುಗಿ ಮುಖ ತಗ್ಗಿಸಿದಳು. ಮತ್ತೆ ಮೊದಲಿನಿಂದ ಕಲಿಸುವುದೆಂದರೆ ಸಂಘದವರಿಗೆ ಏನು ಹೇಳುವುದು? ಬರಬರುತ್ತ ಅಕ್ಷರವೂ ಹತ್ತೀತು ಎಂದುಕೊಂಡಳು ರಾಜೀವಿ. ಮಕ್ಕಳು ಹೋದ ಮೇಲೆ ಅಡುಗೆಮನೆಗೆ ಹೋಗಿ, ಹೊಸ ಮೀನಿಗೆ ತಾನೇ ಒಂದು ತೊಟ್ಟು ಎಣ್ಣೆ ಸವರಿದಳು, ಹಳೆಯದರಲ್ಲಿ ಕಲೆ ಇದ್ದ ಜಾಗದಲ್ಲೇ. ಮರುದಿನ ಹುಲಿಗೆವ್ವ ಗೆದ್ದಳು.

ಈಗ ಮುಖ್ಯೋಪಾಧ್ಯಾಯ ಮುರುಗೆಪ್ಪನವರ ಮೇಜಿನ ಮೇಲಿದ್ದದ್ದು ಶಾಲೆಯ ಕಾರ್ಡುಗಳು. ಅಚ್ಚು ಹಾಕಿಸಿದವು, ಒಂದು ಕಲೆಯೂ ಇಲ್ಲದವು. ಓದಿದರೆ ಹುಲಿಗೆವ್ವ ಓರಗೆಯವರ ಜೊತೆ ಮೂರನೆಯ ತರಗತಿಗೆ. ಇಲ್ಲವಾದರೆ ಆರು ವರ್ಷದ ಮಕ್ಕಳ ನಡುವೆ ಒಂದನೆಯದಕ್ಕೆ. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದ ತಾಯಿ ಶರಣಮ್ಮ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದಳು.

"ಓದವ್ವಾ, ಹೆದರಬ್ಯಾಡ," ಎಂದರು ಮುರುಗೆಪ್ಪ.

ಹುಲಿಗೆವ್ವ ಕಾರ್ಡಿನ ನಾಲ್ಕೂ ಮೂಲೆ ನೋಡಿದಳು. ಇನ್ನೊಂದು ಕೊಟ್ಟರು. ಅದರ ಮೂಲೆಗಳನ್ನೂ ನೋಡಿದಳು.

"ಇವರ ಮನೆಯಲ್ಲಿ ಓದಿಸುವವರು ಯಾರೂ ಇಲ್ಲ ಸಾರ್," ಎಂದಳು ರಾಜೀವಿ. ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು.

"ಇರ್ಲಿ ಬಿಡ್ರಿ. ಒಂದನೇತ್ತಕ್ಕ ಹಾಕೂಣು."

ಹೊರಗೆ ಬಂದದ್ದೇ ಶರಣಮ್ಮ ಮಗಳ ತಲೆಗೊಂದು ಮೊಟಕಿದಳು. "ಬಾಯಾಗೇನ್ ಕಡುಬು ತುರುಕ್ಕೊಂಡಿದ್ದೇನಲೇ? ಹೋಟ್ಲನ್ಯಾಗ ಗಿಣಿ ಹಂಗ ಒದರ್ತಿದ್ದಿ!" ಆಮೇಲೆ ರಾಜೀವಿಗೆ ಕೈಮುಗಿದಳು. "ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ನೀವು ಭಾಳ ಕಲಿಸಿದ್ರಿ. ನಮ್ಮ ಕೂಸೇ ದಡ್ಡ ಅದ."

ಹುಲಿಗೆವ್ವ ಅಳಲಿಲ್ಲ. ಅವತ್ತಿನ ಹಾಗೆಯೇ ರಾಜೀವಿಯನ್ನು ನೋಡಿದಳು. ಈ ಸಲ ಮುಖ ತಗ್ಗಿಸಲಿಲ್ಲ.

"ಅವಳು ದಡ್ಡಿ ಅಲ್ಲ ಶರಣಮ್ಮ," ಎಂದಳು ರಾಜೀವಿ. "ಓದ್ಲಿಕ್ಕೆ ನಾನು ಕಲಿಸಲೇ ಇಲ್ಲ. ರಟ್ಟಿನ ಕಲೆ ನೋಡಿ ಹೇಳ್ತಿದ್ದಳು. ನಂಗೆ ಗೊತ್ತಿತ್ತು. ಒಂದು ಕಲೆ ನಾನೇ ಹಚ್ಚಿದ್ದು."

ಶರಣಮ್ಮ ಮಗಳನ್ನು ನೋಡಿ, ರಾಜೀವಿಯ ಕಡೆ ತಿರುಗಿದಳು. "ಯಾವಾಗಿಂದ ಗೊತ್ತಿತ್ರಿ?"

"ದೀಪಾವಳಿಗಿಂತ ಮೊದಲು."

ಶರಣಮ್ಮ ಬೆರಳು ಮಡಚಿ ತಿಂಗಳು ಎಣಿಸಿದಳು. ಎಂಟಕ್ಕೆ ನಿಲ್ಲಿಸಿ, ಮೊಟಕಿದ ಜಾಗವನ್ನು ಅದೇ ಕೈಯಿಂದ ಸವರಿದಳು.

"ಒಳಗ ಹೋಗಿ ಅವರ ಮುಂದೂ ಹೇಳ್ರಿ. ನನ್ನ ಮಗಳು ದಡ್ಡಿ ಅಲ್ಲಂತ ಹೇಳ್ರಿ. ನಾ ಬಾಗಲದಾಗ ನಿಂತು ಕೇಳ್ತೀನಿ."

ರಾಜೀವಿ ತಿರುಗಿ ಬಾಗಿಲು ತಳ್ಳಿದಳು. ಅವಳ ಹಿಂದೆಯೇ ಹುಲಿಗೆವ್ವ ಒಳಗೆ ಬಂದು ಮೇಜಿನ ಪಕ್ಕ ನಿಂತಳು.