ಸುಲ್ತಾನನ ತಾಯಿ ಹೇಳಬೇಕಾದ ಮಾತು

ತೆತುವಾನ್ ಊರಿನಲ್ಲಿ, ಸಮುದ್ರದಾಚೆಯ ಗ್ರಾನಡಾದ ಕೊನೆಯ ಸುಲ್ತಾನನ ಸಿನಿಮಾ ತೆಗೆಯುತ್ತಿದ್ದರು. ಸುಲ್ತಾನನ ತಾಯಿಯ ಪಾತ್ರ ಬತೂಲಳಿಗೆ ಸಿಕ್ಕಿತ್ತು. ಇದ್ದದ್ದು ಒಂದೇ ಮಾತು. ರಾಜ್ಯ ಕಳೆದುಕೊಂಡು ಗುಡ್ಡದ ಮೇಲೆ ನಿಂತು ಅಳುವ ಮಗನಿಗೆ, "ಗಂಡಸಾಗಿ ಉಳಿಸ್ಕೊಳ್ಳೋಕಾಗದ್ದಕ್ಕೆ ಈಗ ಹೆಂಗಸಿನ ಹಾಗೆ ಅಳು" ಎನ್ನಬೇಕು. ಊರಿನ ಮಕ್ಕಳಿಗೂ ಬಾಯಿಪಾಠವಾದ ಮಾತು.

ಬತೂಲ್ ಒಲೆಯ ಮೇಲಿನ ಬಿಸಾರ ಎಂಬ ಬಟಾಣಿ ಗಂಜಿ ತಿರುವುತ್ತ ಅದನ್ನು ಏರುದನಿಯಲ್ಲಿ ಅಭ್ಯಾಸ ಮಾಡಿದಳು. ಹಜಾರದಲ್ಲಿದ್ದ ಗಂಡ ಅಬ್ದುಲ್‌ವಾಹಿದ್ ಚಪ್ಪಲಿ ಮೆಟ್ಟಿ ಹೊರಟೇಹೋದ. ಆ ವಾರವಷ್ಟೇ ನೇಕಾರರು ಅವನನ್ನು ತಮ್ಮ ಸಂಘದ ಅಮೀನನ ಪೀಠದಿಂದ ಇಳಿಸಿ, ಅವನ ಶಿಷ್ಯನನ್ನೇ ಹಿರಿಯನಾಗಿ ಕೂರಿಸಿದ್ದರು.

ಸಂಜೆ ನಾದಿನಿ ಸುಆದ್ ಫೋನ್ ಮಾಡಿದಳು. "ಅತ್ತಿಗೆ, ಅಣ್ಣ ನಮ್ಮನೇಲಿದಾನೆ. ನೀವು ಅವನನ್ನ ಹೆಂಗಸು ಅಂದ್ರಂತೆ."

"ಅದು ಸಿನಿಮಾ ಮಾತು ಕಣೇ."

"ನಾನೂ ಹಾಗೇ ಅಂದೆ. ಸುಮ್‌ಸುಮ್ನೆ ಅಷ್ಟು ಚೆನ್ನಾಗಿ ಬರಲ್ಲ ಅಂತಾನೆ. ಪಾಪ, ಅತ್ತುಬಿಟ್ಟ."

ಅವನು ಅತ್ತದ್ದನ್ನು ಬತೂಲ್ ಎಂದೂ ಕಂಡಿರಲಿಲ್ಲ. ಅಳುವುದಕ್ಕೂ ತಂಗಿಯ ಮನೆಗೆ ಹೋಗಬೇಕಾಯಿತೇ ಎಂಬುದು ಅವಳಿಗೆ ಚುಚ್ಚಿತು.

ಚಿತ್ರೀಕರಣದ ದಿನ ಸುಲ್ತಾನನ ಹೇಸರಗತ್ತೆ ಹಿಡಿಯುವ ಆಳಿನ ವೇಷದಲ್ಲಿ ಅಬ್ದುಲ್‌ವಾಹಿದನೂ ಬಂದಿದ್ದ. ಒಪ್ಪಿಕೊಂಡ ಮೇಲೆ ತಪ್ಪಿಸುವವನಲ್ಲ. ಆದರೆ ಅವಳತ್ತ ನೋಡಲಿಲ್ಲ. ಕ್ಯಾಮೆರಾ ಓಡತೊಡಗಿತು. ಸುಲ್ತಾನನ ವೇಷದ ಹುಡುಗ ಅತ್ತ. ಅವನ ಹೆಗಲಾಚೆ ಹೇಸರಗತ್ತೆಯ ಕಿವಿಯನ್ನೇ ದಿಟ್ಟಿಸುತ್ತಿದ್ದ ಗಂಡನ ಮುಖ ಬತೂಲಳಿಗೆ ಕಂಡಿತು.

"ಅಳು ಮಗನೇ, ಅತ್ತು ಮುಗಿಸು," ಎಂದಳು. "ಆಮೇಲೆ ಸಮುದ್ರ ದಾಟಿ ಹೋಗಿ ಒಂದು ಊರು ಕಟ್ಟೋದಿದೆ."

ನಿರ್ದೇಶಕ ಜಲೀಲ್ ಓಡಿಬಂದ. "ಬತೂಲಮ್ಮ, ಚರಿತ್ರೇಲಿ ಹೀಗಿಲ್ಲ."

"ಬರೆದೋರಿಗೆ ಮಕ್ಕಳಿರಲಿಲ್ವೇನೋ. ಅಳೋದು ಹೆಂಗಸರ ಗುತ್ತಿಗೆನಾ? ಗ್ರಾನಡಾ ಸೋತು ಅಳ್ತಾ ಬಂದೋರು ಕಟ್ಟಿದ ಊರಪ್ಪ ನಮ್ದು."

ಸುತ್ತ ವೇಷ ಹಾಕಿ ನಿಂತಿದ್ದ ನೇಕಾರರು ಗೊಳ್ಳೆಂದು ನಕ್ಕರು. ಜಲೀಲ್ ನಗಲಿಲ್ಲ. "ಇನ್ನೊಂದ್ಸಲ, ಬರೆದಿರೋ ಹಾಗೆ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಬತೂಲ್ ರಾಣಿಯ ರೇಷ್ಮೆ ಮುಸುಕನ್ನು ತೆಗೆದು, ಮಡಿಸಿ, ಅವನ ಕೈಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅದೇ ಮುಸುಕು ಹೊದ್ದ ಸುಆದ್, ಊರಿಗೆಲ್ಲ ಕೇಳುವಂತೆ ಆ ಹಳೆಯ ಮಾತನ್ನೇ ಕಿರುಚುತ್ತಿದ್ದಳು.

ಗುಡ್ಡ ಇಳಿಯುವಾಗ ಅಬ್ದುಲ್‌ವಾಹಿದ್ ಪಕ್ಕಕ್ಕೆ ಬಂದ. "ಪಾತ್ರ ಹೋಯ್ತಲ್ಲೇ."

"ನಿಮ್ಮ ಪೀಠ ಹೋಗ್ಲಿಲ್ವಾ? ಸರಿಹೋಯ್ತು."

ಅವನು ನಕ್ಕ. ನಗುತ್ತಲೇ ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡ. "ಧೂಳು."

"ಇಲ್ಲೇ ಅತ್ಬಿಡಿ," ಎಂದಳು ಬತೂಲ್. "ನಿಮ್ಮ ತಂಗಿ ಇವತ್ತು ಮನೇಲಿಲ್ಲ."