ಪೆನ್ಸಿಲಿನ ತಾರೀಖುಗಳು

“ನಿಮ್ಮ ಯಜಮಾನ್ರು ಕೊನೇದಾಗಿ ಯಾವ ಅಧ್ಯಾಯ ಓದಿದ್ರು, ಅಷ್ಟು ನೋಡಿ ಹೇಳಿ. ಭಾನುವಾರ ಅವರ ವರ್ಷದ ಸ್ಮರಣೆಗೆ ಅದರ ಮೇಲೇ ಪ್ರಸಂಗ ಮಾಡ್ತೀನಿ. ಸತ್ಯವೇದಾನೂ ತನ್ನಿ, ಸಭೆಯವರೆಲ್ಲ ನೋಡ್ಲಿ,” ಎಂದರು ಪಾಸ್ಟರ್ ಫೋನಿನಲ್ಲಿ.

“ತರ್ತೀನಿ,” ಎಂದಳು ಅವಳು.

ಆ ಮನೆಯಲ್ಲೊಂದು ರೂಢಿಯಿತ್ತು. ಬೈಬಲಿನಲ್ಲಿ ದಿನಕ್ಕೊಂದು ಅಧ್ಯಾಯ ಓದುವುದು, ಮುಗಿದಲ್ಲಿ ಪೆನ್ಸಿಲಿನಿಂದ ತಾರೀಖು ಹಾಕುವುದು. ಮಾವನ ತಾರೀಖುಗಳು ಮಾಸಿದ್ದವು. ಅವುಗಳ ಕೆಳಗೆ ಗಂಡನವು. ಅವನು ತೀರಿಕೊಂಡದ್ದು ಜುಲೈ ಕೊನೆಗೆ. ತಾರೀಖುಗಳು ಮಾರ್ಚ್ ಹದಿನಾಲ್ಕಕ್ಕೇ ನಿಂತಿದ್ದವು.

ಆ ದಿನ ಅವಳಿಗೆ ನೆನಪಿತ್ತು. ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವವಳು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ಅಭ್ಯಾಸ. ಮೂರನೇ ಕೀಮೋ ಮುಗಿಸಿಕೊಂಡು ಬಂದು ಅವನು ಓದಲು ಕೂತಾಗ ಕೇಳಿದ್ದಳು: “ನಿನ್ನ ದೇವರು ಇದ್ದೂ ಸುಮ್ನಿದ್ದಾನಾ, ಇಲ್ಲವೇ ಇಲ್ವಾ? ಎರಡರಲ್ಲಿ ಒಂದು ಹೇಳು.” ಅವನು ಹೇಳಲಿಲ್ಲ. ಅವಳು ಬಿಡಲಿಲ್ಲ. ಅಧ್ಯಾಯ ಮುಗಿಸಿದ, ತಾರೀಖು ಹಾಕಿದ, ಪುಸ್ತಕ ಮುಚ್ಚಿದ. ವಾದದಲ್ಲಿ ಅವಳು ಗೆದ್ದಿದ್ದಳು. ಆಮೇಲಿನ ನಾಲ್ಕು ತಿಂಗಳು ಅವನು ಗೋಡೆ ನೋಡುತ್ತ ಮಲಗಿದ.

‘ನನ್ನ ಮಗ ಕೊನೇ ದಿನದವರೆಗೂ ಓದ್ದ’ ಎಂದು ಅತ್ತೆ ಕಂಡವರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಉಳಿದದ್ದು ಅದೊಂದೇ.

ಅವಳು ಪೆನ್ಸಿಲ್ ಚೂಪು ಮಾಡಿದಳು. ಮಾರ್ಚ್ ಹದಿನೈದರಿಂದ ಶುರುಮಾಡಿದಳು. ಅವನ ಹಾಗೆಯೇ ಒತ್ತದೆ, ಸ್ವಲ್ಪ ಓರೆಯಾಗಿ. ಆಸ್ಪತ್ರೆಯಲ್ಲಿದ್ದ ದಿನಗಳನ್ನು ಬಿಟ್ಟಳು. ಕೊನೆಯ ತಾರೀಖು ಹಾಕುವಾಗ ಹಿಂದಿನಿಂದ ಪುಟದ ಮೇಲೆ ನೆರಳು ಬಿತ್ತು.

ಮುಚ್ಚಲು ಹೊತ್ತಿರಲಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಪುಟ ತಿರುವಿದರು. ಏಪ್ರಿಲ್. ಮೇ. ಜೂನ್.

“ದೇವರಿಗೇ ಪ್ರಶ್ನೆಪತ್ರಿಕೆ ಕೊಟ್ಟೋಳು. ಈಗ ಉತ್ತರಾನೂ ನೀನೇ ಬರೀತಿದ್ದೀಯಾ?”

ಅವಳು ಪೆನ್ಸಿಲನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

“ಅವತ್ತು ಪಕ್ಕದ ಕೋಣೇಲೇ ಇದ್ದೆ. ಎಲ್ಲಾ ಕೇಳಿಸ್ತು. ಆಮೇಲೆ ಅವನು ಇದನ್ನ ಮುಟ್ಟಲಿಲ್ಲ, ಅದನ್ನೂ ನೋಡ್ದೆ.”

“ಅತ್ತೆ, ಮತ್ತೆ ಎಲ್ಲರ ಹತ್ರ ನೀವು…”

“ಹೂಂ. ಒಂದು ಸುಳ್ಳು ಹೇಳೋಕೆ ನಿನಗೆ ವರ್ಷ ಬೇಕಾಯ್ತು. ನಾನು ಮಣ್ಣು ಮಾಡಿದ ದಿನಾನೇ ಶುರು ಮಾಡ್ದೆ.” ಬೆರಳು ಒಂದು ಅಂಕಿಯ ಮೇಲೆ ನಿಂತಿತು. “ಏಳಕ್ಕೆ ನಡುವೆ ಅಡ್ಡಗೆರೆ ಎಳೀತಿದ್ದ ಅವನು. ಇಷ್ಟೆಲ್ಲಾ ಓದ್ದೋಳು, ಅಷ್ಟು ನೋಡಿರ್ಲಿಲ್ವಾ?”

ನೋಡಿರಲಿಲ್ಲ. ಜುಲೈ ಏಳನೇ ತಿಂಗಳು; ಅದರ ಪ್ರತಿ ತಾರೀಖಿನಲ್ಲೂ ಒಂದು ಏಳಿತ್ತು.

ಅತ್ತೆ ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಕುರ್ಚಿ ಎಳೆದು ಕೂತರು. ಮೊದಲ ಏಳಿನ ಅಡ್ಡಗೆರೆ ಸೊಟ್ಟಗಾಯಿತು. ಎರಡನೆಯದು ನೇರ ಬಂತು. ಫ್ಯಾನಿನ ಗಾಳಿಗೆ ಪುಟ ಏಳುತ್ತಿತ್ತು. ಅವಳು ಅದರ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದಳು.