ಏನು ಬೇಕಾದರೂ ತಿನ್ನವಾ

ಮಾದೇವವ್ವ ಊಟ ಬಿಟ್ಟು ಅಂದಿಗೆ ಮೂರನೆಯ ದಿನ. ಇಳಕಲ್ಲಿನ ಆ ಓಣಿಯಲ್ಲಿ ಸುದ್ದಿ ನಡೆದು ಹೋಗುವುದಿಲ್ಲ, ಗಾಡಿ ಹತ್ತಿ ಹೋಗುತ್ತದೆ. ಹೀಗಾಗಿ ಬೆಳಗಿನಿಂದ ಆಕೆಯ ಹಾಸಿಗೆಯ ಬದಿಗೆ ತಾಟುಗಳ ಸಾಲು ಬೆಳೆಯುತ್ತಿತ್ತು. ಎದುರು ಮನೆಯ ಖುಶನುಮಾ ಶಾವಿಗೆ ಪಾಯಸ ತಂದಿಟ್ಟು ಕಣ್ಣೊರೆಸಿಕೊಂಡು ಹೋದಳು. ಇನ್ಯಾರದೋ ಶೇಂಗಾ ಹೋಳಿಗೆ ಬಂತು. ಮಾದೇವವ್ವನ ತಮ್ಮ ನೀಲಪ್ಪ ಕಲಾದಗಿಯಿಂದ ಒಂದು ಬುಟ್ಟಿ ಚಿಕ್ಕು ಹೊತ್ತು, ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಒಂದು ಡಬ್ಬಿ ಕರದಂಟು ಕೊಂಡು ಬಂದಿದ್ದ. ಲೋಕ ಬಿಟ್ಟು ಹೋಗುವವರ ಬಾಯಿಗೆ ಪ್ರಿಯವಾದದ್ದನ್ನು ಹಾಕಿ ಕಳಿಸಬೇಕೆಂಬುದು ಎಲ್ಲರಿಗೂ ಗೊತ್ತು. ಹೋಗುವವಳು ಮಾತ್ರ ಒಂದನ್ನೂ ಮುಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತ ಮಗ ಮಹಾಂತೇಶನಿಗೆ ಇದರ ಮೂಲ ಗೊತ್ತಿತ್ತು. ಅವ್ವನನ್ನು ಈ ಹಾಸಿಗೆಗೆ ಕೆಡವಿದ್ದು ರೋಗವಲ್ಲ, ತನ್ನ ನಾಲಿಗೆ.

ಆಕೆಯದು ವಾತದ ಮೈ ಎಂದು ನಲವತ್ತು ವರ್ಷದ ಹಿಂದೆ ಬಾದಾಮಿಯ ವೈದ್ಯ ಜಯತೀರ್ಥಾಚಾರ್ಯರು ನಾಡಿ ಹಿಡಿದು ಹೇಳಿದ್ದರು. ಒಣಗಿದ ಚರ್ಮ, ಬಿರಿದ ಹಿಮ್ಮಡಿ, ನಿಂತಲ್ಲಿ ನಿಲ್ಲದ ಮನಸ್ಸು. ಇಂಥವರಿಗೆ ಬಿಸಿ ಬೇಕು, ಜಿಡ್ಡು ಬೇಕು, ಸಿಹಿ ಬೇಕು. ಕಡಲೆ, ಅಲಸಂದಿ ಬೇಡ. ಅಂದಿನಿಂದ ಆಕೆ ಎಳ್ಳು, ಬಾಳೆಹಣ್ಣು, ಉತ್ತತ್ತಿ ಬಿಟ್ಟವಳಲ್ಲ. ಕಡಲೆಬೇಳೆಯನ್ನು ಮದುವೆ ಮನೆಯಲ್ಲೂ ಮುಟ್ಟಿದವಳಲ್ಲ. ಬೆಳಗಿನ ಪ್ರಾಣಾಯಾಮವನ್ನೂ ಬಿಡದೆ ಮಾಡಿದಳು. ಬೇರೆ ವಿಷಯಕ್ಕೆ ಯಾವ ದೇವರಾದರೂ ಆದೀತು, ಹೊಟ್ಟೆಯ ವಿಷಯಕ್ಕೆ ಆಚಾರ್ಯರೇ.

ಹೋದ ವರ್ಷ ಕಿಡ್ನಿ ಸೋತವು. ಬಾಗಲಕೋಟೆಯ ಡಾಕ್ಟರು ‘ಬೇಡ’ ಎಂದು ಬರೆದುಕೊಟ್ಟ ಪಟ್ಟಿ, ಆಚಾರ್ಯರ ‘ಬೇಕು’ ಪಟ್ಟಿಯನ್ನೇ ನಕಲು ಹೊಡೆದಂತಿತ್ತು. ಬಾಳೆಹಣ್ಣು, ಉತ್ತತ್ತಿ, ಎಳ್ಳು, ಎಳನೀರು.

“ಆ ಹುಡುಗ ಡಾಕ್ಟರಗ ನನ್ನ ಮೈ ಏನ್ ಗೊತ್ತು? ಆಚಾರ್ರನ ಕೇಳು” ಎಂದಳು ಅವ್ವ.

ಕೇಳಲು ಫೋನು ಮಾಡಿದರೆ ಎತ್ತಿದ್ದು ಆಚಾರ್ಯರ ಮಗ ನಿತಿನ. “ಅಪ್ಪಾ ಹೋಗಿ ಇಪ್ಪತ್ತು ದಿವಸ ಆತ್ರೀ” ಎಂದ.

ಮಹಾಂತೇಶ ಹುನಗುಂದದ ಕಚೇರಿಯಲ್ಲಿ ಗುಮಾಸ್ತ. ಬೀಳ್ಕೊಡುಗೆಗಳಲ್ಲಿ ತಹಶೀಲ್ದಾರರ ಕೆಮ್ಮಿನಿಂದ ಹಿಡಿದು ಜೀಪಿನ ಗೊರಕೆಯವರೆಗೆ ಅವನ ಗಂಟಲಿನಲ್ಲಿ ಬಾರದ ದನಿ ಇರಲಿಲ್ಲ. ಆ ಸಂಜೆ, ಸಾವಿನ ಸುದ್ದಿ ಅವ್ವನಿಗೆ ಹೇಳದೆ ಅಟ್ಟ ಹತ್ತಿ, ಹೊಸ ಸಿಮ್ಮಿನಿಂದ ಕೆಳಗಿದ್ದ ಅವ್ವನ ಫೋನಿಗೆ ಕರೆ ಮಾಡಿದ. ಆಚಾರ್ಯರ ದನಿಗೆಂದು ಮೂಗನ್ನು ಚೂರು ಹಿಡಿದ.

“ಏನವಾ ಮಾದೇವಿ, ಹೊಟ್ಟಿ ಸಾಫ್ ಆಗ್ತದೋ ಇಲ್ಲೋ? ಅರವತ್ತರ ಮ್ಯಾಲೆ ವಾತದ ಮೈ ಪಿತ್ತಕ್ಕ ಹೊಳ್ಳತದ ನೋಡು. ಇನ್ನ ಬಾಳಿಹಣ್ಣು ನಿನಗ ವಿಷ ಅದ.”

ಮುಪ್ಪು ಎಂದರೆ ವಾತ ಹೆಚ್ಚುವ ಕಾಲ ಎನ್ನುತ್ತದೆ ಶಾಸ್ತ್ರ. ಅದು ಅವನಿಗೆ ಗೊತ್ತಿರಲಿಲ್ಲ, ಪುಣ್ಯಕ್ಕೆ ಆಕೆಗೂ ಗೊತ್ತಿರಲಿಲ್ಲ. ಬಾಳೆಹಣ್ಣು ಅಂದೇ ಬಿಟ್ಟಳು. ಮಹಾಂತೇಶ ಅಟ್ಟದ ಮೇಲೆ ಕೂತು, ಗೆದ್ದೆನೆಂದು ನಕ್ಕ.

ಆದರೆ ಭಕ್ತರಿಗೆ ಉತ್ತರ ಸಿಕ್ಕರೆ ಪ್ರಶ್ನೆಗಳು ಹುಟ್ಟುತ್ತವೆ. ಮಜ್ಜಿಗಿ ನಡೀತೈತೇನ್ರಿ? ಹೆಸರಬ್ಯಾಳಿ? ಬದನಿಕಾಯಿ? ದಿನಕ್ಕೊಂದು ಕರೆ. ಗೊತ್ತಿಲ್ಲದವನಿಗೆ ಸುಲಭದ ಉತ್ತರ ‘ಬ್ಯಾಡ’. ಅವನು ಬ್ಯಾಡ ಎಂದ, ಆಕೆ ಬಿಟ್ಟಳು. ಆರು ತಿಂಗಳಲ್ಲಿ ಉಳಿದದ್ದು ಎರಡು ಚಮಚ ಗಂಜಿ ಮತ್ತು ಮೂವತ್ತೆಂಟು ಕಿಲೋ ತೂಕದ ಅವ್ವ.

ಮೊನ್ನೆ ಡಾಕ್ಟರು ರಿಪೋರ್ಟು ನೋಡಿ ಹೇಳಿದರು: “ರಕ್ತದಾಗಿನ ಪೊಟ್ಯಾಸಿಯಂ ಹತೋಟಿಗೆ ಬಂದೈತಿ. ಆದರ ಹಿಂಗ ಉಪವಾಸ ಇದ್ರ ಶಕ್ತಿ ಇಲ್ಲದ ಹೋಗ್ತಾರ. ಬಾಳಿಹಣ್ಣು, ಒಣಹಣ್ಣು, ಹೆಚ್ಚಿಗಿ ಉಪ್ಪು, ಪಟ್ಟಿಯೊಳಗಿನವು ಇಷ್ಟ ಬಿಡ್ರಿ. ಬಾಕಿದ್ದು ಚೆಂದಂಗ ಉಣಸ್ರಿ.”

ಮಹಾಂತೇಶ ಅಂದು ಅಟ್ಟವನ್ನು ಎರಡೆರಡು ಮೆಟ್ಟಿಲು ಹತ್ತಿದ. ಸಂತೋಷದಲ್ಲಿ ಲೆಕ್ಕ ತಪ್ಪಿತು.

“ಮಾದೇವಿ, ಪಥ್ಯ ಸಾಕು. ಇನ್ನ ಏನು ಬೇಕಾದರೂ ತಿನ್ನವಾ.”

“ಆತ್ರಿ” ಎಂದಳು ಅವ್ವ, ಅಂದು ಒಂದು ಪ್ರಶ್ನೆಯನ್ನೂ ಕೇಳದೆ ಫೋನು ಇಟ್ಟಳು.

ಅಂದು ರಾತ್ರಿ ಗಂಜಿಯೂ ಬೇಡವೆಂದಳು. ಮರುದಿನ ಪೆಟ್ಟಿಗೆ ತೆಗೆದು ತನ್ನ ಟೋಪಿ ಸೆರಗಿನ ಇಳಕಲ್ ಸೀರೆಯನ್ನು ಸೊಸೆ ರೋಹಿಣಿಯ ಮಡಿಲಿಗೆ ಹಾಕಿದಳು. ರೋಹಿಣಿ ಅಳುತ್ತ ಕೇಳಿದ್ದಕ್ಕೆ ತಣ್ಣಗೆ ಹೇಳಿದಳು: “ನಿಮ್ಮ ಮಾವ ದುರಗಪ್ಪಗೂ ಆಚಾರ್ರು ಹಿಂಗ ಅಂದಿದ್ರವಾ. ಏನ್ ಬೇಕೋ ತಿನ್ನಸ್ರಿ ಅಂದ್ರು, ನಾಲ್ಕನೇ ದಿನಕ್ಕ ಎತ್ತಿದ್ರು. ಬದಕೂ ಮಂದಿಗಿ ಯಾವ ವೈದ್ಯ ಹಂಗ ಅಂತಾನ? ಇನ್ನ ಹೋಗಾಕಿಗೆ ಅನ್ನಾ ಯಾಕ ದಂಡ?”

ತನ್ನ ಮಾತನ್ನು ಅವ್ವ ಏನೆಂದು ತಿಳಿದುಕೊಂಡಳೆಂದು ಮಹಾಂತೇಶನಿಗೆ ಆಗ ಹೊಳೆಯಿತು. ಅಟ್ಟಕ್ಕೆ ಓಡಿ ಹತ್ತು ಸಲ ಕರೆ ಮಾಡಿದ. ಅವ್ವ ಎತ್ತಲಿಲ್ಲ. “ಹೇಳೂದು ಹೇಳ್ಯಾರ. ಇನ್ನ ಅವರ ಬಾಯಿ ಯಾಕ ನೋಯಿಸೂದು” ಎಂದು ಫೋನನ್ನೇ ಬೋರಲು ಹಾಕಿ ಇಟ್ಟಳು.

ಕೊನೆಗೆ ಆಕೆಯ ಕಾಲ ಬಳಿ ಕೂತು ಒಪ್ಪಿಕೊಂಡ.

“ಯವ್ವಾ, ಆಚಾರ್ರು ತೀರಿ ಆರ ತಿಂಗಳ ಮ್ಯಾಲಾತು. ಫೋನಿನ್ಯಾಗ ಮಾತಾಡಿದಾಂವ ನಾನು.”

“ನನ್ನ ಉಳಸಾಕ ಸತ್ತವರ ಪಟ್ಟಿಗಿ ಅವರನ್ಯಾಕ ಸೇರಸ್ತಿ, ಮಹಾಂತೇಶಾ.”

ಅವನು ಅಲ್ಲೇ ಮೂಗು ಹಿಡಿದು ಆಚಾರ್ಯರ ದನಿ ತೆಗೆದ. ಏನವಾ ಮಾದೇವಿ, ಹೊಟ್ಟಿ ಸಾಫ್ ಆಗ್ತದೋ ಇಲ್ಲೋ. ಅವ್ವನ ಒಣ ತುಟಿಯಲ್ಲಿ ಒಂದು ನಗೆ ಹಾಯ್ದು ಹೋಯಿತು.

“ಭೇಷ್ ಮಾಡ್ತಿ. ನೀ ತಹಶೀಲ್ದಾರಂದೂ ಮಾಡ್ತಿ. ಹಂಗಂತ ತಹಶೀಲ್ದಾರ ಸತ್ತಾನೇನು?”

ನಿತಿನನಿಗೇ ಫೋನು ಹಚ್ಚಿ ಆಕೆಯ ಕಿವಿಗೆ ಹಿಡಿದ. ಪೂರಾ ಕೇಳಿ ತಿರುಗಿಸಿ ಕೊಟ್ಟಳು. “ಇಂವ ಯಾವ ಗೆಳ್ಯಾ ನಿಂದು? ನಿನ್ನಷ್ಟ ಚಂದ ದನಿ ತಗ್ಯಾಕ ಇಂವಗ ಬರಂಗಿಲ್ಲ.”

ಜಗತ್ತಿನ ಎಲ್ಲ ದನಿ ಬರುತ್ತಿದ್ದ ಮನುಷ್ಯನಿಗೆ, ಖರೆ ಹೇಳುವ ದನಿಯೊಂದೇ ಬರದಾಯಿತು.

ಇದೀಗ ಮೂರನೆಯ ದಿನದ ಮಧ್ಯಾಹ್ನ. ನೀಲಪ್ಪ ಅಕ್ಕನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಿದ್ದ. ಕರದಂಟಿನ ಒಂದು ತುಣುಕು ಮುರಿದು ತುಟಿಗೆ ಹಿಡಿದ.

“ಅಕ್ಕಾ, ನನ್ನ ಸಮಾಧಾನಕ್ಕಾರ ಒಂದ ಚೂರು. ಉತ್ತತ್ತಿ, ಅಂಟು, ಎಲ್ಲಾ ನಿನಗ ಸೇರೂದ ಐತಿ.”

ತಮ್ಮನ ಮೇಲಿನ ದಾಕ್ಷಿಣ್ಯಕ್ಕೆ ಮಾದೇವವ್ವ ಬಾಯಿ ತೆರೆದಳು.

ಮೂರು ದಿನದ ಹಸಿದ ಹೊಟ್ಟೆಗೆ, ಸೋತ ಕಿಡ್ನಿಗೆ, ಒಣಹಣ್ಣಿನ ಗಂಟು. ಮಹಾಂತೇಶ ಹಾರಿ ಬಂದು ತುಣುಕನ್ನು ಕಸಿದ.

“ತಗೀ ಮಾವಾ ಅದನ್ನ. ಇದು ಆಕಿಗೆ ನಡ್ಯಂಗಿಲ್ಲ.”

“ಲೇ, ತಲಿ ಕೆಟ್ಟೈತೇನು? ಹೋಗಾಕಿಗೆ ಎಂಥಾ ಪಥ್ಯ?”

“ನಡ್ಯಂಗಿಲ್ಲ ಅಂದ್ರ ನಡ್ಯಂಗಿಲ್ಲ. ಆ ಚಿಕ್ಕುನೂ ಒಯ್ಯಿ. ನೀ ಇವತ್ತ ತಿನಿಸಿ ಕಲಾದಗಿ ಬಸ್ ಹತ್ತತಿ. ಮುಂದಿನ ತಿಂಗಳ ಆಕಿ ರಕ್ತಾ ತಗಸಾಕ ಒಯ್ದಾಗ ಆ ಡಾಕ್ಟರ ಕಡೆ ಬೈಸ್ಕೊಳ್ಳಾಂವ ಯಾರು? ನೀನಾ?”

ಹೊಟ್ಟೆಯಿಂದ ಕಿತ್ತು ಬಂದ ಮಾತು. ಯಾರ ದನಿಯೂ ಅದರಲ್ಲಿರಲಿಲ್ಲ. ರೋಹಿಣಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಮಾದೇವವ್ವ ಕಣ್ಣು ತೆರೆದಳು.

“ಮುಂದಿನ ತಿಂಗಳ ಯಾತಕ್ಕ ರಕ್ತಾ?”

“ತಿಂಗಳಾ ತಿಂಗಳಾ ತಗಸೂದಿಲ್ಲೇನು? ನೀ ಕದ್ದು ಏನ್ ತಿಂದಿ ಅನ್ನೂದು ಅದರಾಗ ಗೊತ್ತಾಕೈತಿ” ಎಂದ ಮಹಾಂತೇಶ, ಇನ್ನೂ ಅದೇ ಸಿಟ್ಟಿನಲ್ಲಿ.

ಆಕೆ ಅವನ ಕೈಯಲ್ಲಿದ್ದ ತುಣುಕನ್ನು ನೋಡಿದಳು, ಅವನ ಮುಖವನ್ನು ನೋಡಿದಳು.

“ಮತ್ತ ನನಗ ಏನ್ ನಡೀತೈತಿ?”

‘ಏನು ಬೇಕಾದರೂ’ ಎಂಬ ಮಾತು ಗಂಟಲಿಗೆ ಬಂತು. ಅವನು ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ.

“ಅರ್ಧಾ ರೊಟ್ಟಿ. ಹೀರಿಕಾಯಿ ಪಲ್ಯಾ. ಉಪ್ಪು ಇಲ್ಲ.”

“ಉಪ್ಪಿಲ್ಲದ್ದು ದನಾ ತಿಂತಾವು.”

“ಒಂದ ಚಿಟಿಕಿ.”

“ರೊಟ್ಟಿ ಒಂದು.”

“ಅರ್ಧಾ.”

“ಆಚಾರ್ರನ ಕೇಳಿಯೇನು?”

“ಇಲ್ಲ. ನಾನ ಹೇಳಾಕತ್ತೇನಿ.”

“ನಿನಗೇನ್ ತಿಳೀತೈತಿ” ಎಂದಳು ಅವ್ವ. ಆದರೆ ನೀಲಪ್ಪನ ಕೈ ಹಿಡಿದು ಗೋಡೆಗೆ ಆನಿಸಿಕೊಂಡು ಕೂತಳು. ಒಳಗೆ ರೋಹಿಣಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿತ್ತು.

ಮೊದಲ ತುತ್ತು ಕೆಮ್ಮಿನ ಜೊತೆ ಹೊರಗೆ ಬಂತು. ನೀಲಪ್ಪ ಮುಖ ತಿರುಗಿಸಿದ. ಎರಡನೆಯದನ್ನು ಪಲ್ಯದ ರಸದಲ್ಲಿ ಮೆತ್ತಗೆ ಮಾಡಿ ಕೊಟ್ಟ ಮಹಾಂತೇಶ. ಆಕೆ ಬಹಳ ಹೊತ್ತು ಅಗಿದಳು. ಗಂಟಲು ಒಮ್ಮೆ ಮೇಲೇರಿತು, ಅಲ್ಲೇ ನಿಂತಿತು, ಆಮೇಲೆ ಇಳಿಯಿತು.

ಉಳಿದ ಅರ್ಧ ರೊಟ್ಟಿಯನ್ನು ಅವನು ಬೆನ್ನ ಹಿಂದೆ ಹಿಡಿದು ಕೂತಿದ್ದ, ಆಕೆ ಅದನ್ನೂ ಕೇಳಲಿ ಎಂದು.